ಡ್ಯಾಂಡೆನಾಂಗ್ ಏರಿನಲ್ಲಿ ಗಾಳಿಮಳೆ

ಜುಲೈ ಅಂದರೆ ಮೆಲ್ಬರ್ನ್‌ನಲ್ಲಿ ಕಡುಚಳಿಗಾಲ. ತೊಂಬತ್ತರ ದಶಕದ ಆರಂಭ, ನಾವು ಮೈಸೂರಿನಿಂದ ಬಂದು ಹೆಚ್ಚು ಕಾಲವಾಗಿರಲಿಲ್ಲ. ನನ್ನ ಗಂಡನಿಗೆ ಆಫೀಸಿನ ಗೆಳೆಯರಿಂದ ಸೈಕಲ್ಲಿನ ಹುಚ್ಚು ಹತ್ತಿತ್ತು. ಭಾನುವಾರ ಬಂತೆಂದರೆ ಊರಿನ ಪೂರ್ವಕ್ಕಿರುವ ಡ್ಯಾಂಡೆನಾಂಗ್ ಬೆಟ್ಟ ಏರಬೇಕು. ಮೈಸೂರಿನಲ್ಲಿ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದ ನಾನೂ ಒಂದು ಹಳೆಯ ಗೇರ್ ಸೈಕಲ್ ಕೊಂಡು ಬೇಸಿಗೆಯಿಡೀ ಅವರ ಜೊತೆ ಹೋಗಿದ್ದೆ. ಚಳಿಗಾಲದಲ್ಲಿ ಹೋಗಿರಲಿಲ್ಲ.

ಆ ಭಾನುವಾರ ಬೆಟ್ಟದ ಮೇಲೆ ಜೋರು ಗಾಳಿಮಳೆ ಎಂದು ರೇಡಿಯೋದಲ್ಲಿ ಹೇಳಿದ್ದರು. ಇವತ್ತು ಬೇಡ ಎಂದು ಗಂಡನಿಗೆ ಅಂದೆ. ಇಂಥ ದಿನ ಏರಿದರೇ ಕಾಲಿಗೆ ಬಲ ಬರುವುದು ಎಂದು ನಕ್ಕರು. ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಬೆಟ್ಟದ ಬುಡದಲ್ಲಿ ಕಾರು ನಿಲ್ಲಿಸಿ ಏರತೊಡಗಿದೆವು.

ಅರ್ಧ ಏರುವಷ್ಟರಲ್ಲಿ ಮಂಜು ಇಳಿಯಿತು. ರಸ್ತೆಯ ಎರಡೂ ಕಡೆ ತುದಿ ಕಾಣದಷ್ಟು ಎತ್ತರದ, ನೀಲಗಿರಿ ಜಾತಿಯ ಗಮ್ ಮರಗಳು. ಅವುಗಳ ತೊಗಟೆ ಉದ್ದುದ್ದ ಸುಲಿದು ರಸ್ತೆಗೆ ಬಿದ್ದಿತ್ತು, ಅದರ ಮೇಲೆ ಹೋದರೆ ಚಕ್ರ ಜಾರುತ್ತಿತ್ತು. ಮಳೆಯ ಜೊತೆ ಸಣ್ಣ ಆಲಿಕಲ್ಲು ಮುಖಕ್ಕೆ ಹೊಡೆಯಿತು. ಗ್ಲೌಸ್ ನೆನೆದು ಬೆರಳುಗಳು ಇವೆಯೋ ಇಲ್ಲವೋ ತಿಳಿಯದಂತಾಯಿತು. ಮುಂದೆ ಹೋಗುತ್ತಿದ್ದ ಅವರ ಹಳದಿ ಜಾಕೆಟ್ ತಿರುವಿನಲ್ಲಿ ಮರೆಯಾಯಿತು.

ಆಗ ಮೇಲಿನಿಂದ ಬಂದೂಕು ಹೊಡೆದಂಥ ಸದ್ದು. ಹಿಂದೆಯೇ ಏನೋ ಭಾರವಾದದ್ದು ಚಟಚಟನೆ ಮುರಿದುಕೊಂಡು ಕೆಳಗೆ ಬಂತು. ನೆಲ ಅದುರಿತು. ಆಮೇಲೆ ಮಳೆ ಬಿಟ್ಟರೆ ಬೇರೆ ಸದ್ದಿಲ್ಲ.

"ರೀ" ಎಂದು ಕೂಗಿದೆ. ಮತ್ತೆ ಮತ್ತೆ ಕೂಗಿದೆ. ಉತ್ತರವಿಲ್ಲ. ಸೈಕಲ್ ಬಿಸಾಡಿ ಓಡಿದೆ. ಅವರ ಅಮ್ಮನಿಗೆ ಫೋನಿನಲ್ಲಿ ಹೇಗೆ ಹೇಳುವುದು ಎಂದು ಮನಸ್ಸು ಆಗಲೇ ಮಾತು ಜೋಡಿಸುತ್ತಿತ್ತು. ನನ್ನ ಮನಸ್ಸಿನ ಬಗ್ಗೆ ನನಗೇ ಹೆದರಿಕೆಯಾಯಿತು.

ತಿರುವಿನಾಚೆ ಸೊಂಟದೆತ್ತರಕ್ಕೆ ಬರುವಷ್ಟು ದಪ್ಪದ ಕೊಂಬೆಯೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಅದರಡಿಯಿಂದ ಸೊಟ್ಟಗಾದ ಹಿಂದಿನ ಚಕ್ರ ಚಾಚಿಕೊಂಡಿತ್ತು. ಅವರಿಲ್ಲ. ಕೈಗೆ ಏನು ತಾಗುತ್ತದೋ ಎಂದು ಹೆದರುತ್ತಲೇ ಎಲೆಗಳನ್ನು ಸರಿಸಿ ಹುಡುಕಿದೆ. ಅವರು ಆಚೆ ಬದಿಯ ಚರಂಡಿಯಲ್ಲಿ ಕೂತಿದ್ದರು, ಕಣ್ಣು ತೆರೆದುಕೊಂಡೇ. ಮೊಣಕೈ ತರಚಿದ್ದು ಬಿಟ್ಟರೆ ಗಾಯವಿಲ್ಲ.

"ನೀನು ಕೂಗಿದ್ದು ಕೇಳಿಸ್ತಿತ್ತು ಕಣೇ," ಅಂದರು. "ಬಾಯಿ ತೆಗೆದೆ, ಮಾತೇ ಬರ್ಲಿಲ್ಲ."

ನಿನ್ನ ಸೈಕಲ್ಲಿನಲ್ಲಿ ಬೇಗ ಇಳಿದು ಕಾರು ತಾ ಎಂದರು. ಬಿಸಾಡಿದ್ದ ಸೈಕಲ್ ಎತ್ತಿ ನಿಲ್ಲಿಸಿ ಬ್ರೇಕ್ ಹಿಡಿದು ನೋಡಿದೆ. ಮರಗಟ್ಟಿದ ಬೆರಳು ಮಡಚಲು ಬರಲಿಲ್ಲ.

"ನಿಮ್ಮನ್ನ ಇಲ್ಲಿ ಬಿಟ್ಟು ನಾನು ಹೋಗಲ್ಲ. ಇಬ್ರೂ ನಡ್ಕೊಂಡೇ ಇಳಿಯೋಣ."

ಅಂಚಿನಲ್ಲಿ ನಡೆದರೆ ಮರದ ಭಯ, ನಡುರಸ್ತೆಯಲ್ಲಿ ನಡೆದರೆ ಮಂಜಿನೊಳಗಿಂದ ಬರುವ ಕಾರಿನ ಭಯ. ಮೇಲೆ ಎಲ್ಲಾದರೂ ಕಿರುಗುಟ್ಟಿದರೆ ಇಬ್ಬರೂ ನಿಂತುಬಿಡುತ್ತಿದ್ದೆವು. ಕೊನೆಗೆ ಮರ ತೆರವು ಮಾಡುವವರ ಟ್ರಕ್ ಎದುರು ಬಂತು. ಮೇಲೆ ಇನ್ನೂ ಯಾರಾದರೂ ಇದ್ದಾರಾ ಎಂದು ಡ್ರೈವರ್ ಕೇಳಿದ. ಇಲ್ಲ, ನಾವಿಬ್ಬರೇ ಅಂದೆ. ಖಂಡಿತ ತಾನೇ ಎಂದು ಮತ್ತೆ ಕೇಳಿದ. ಆಗ ನನಗೆ ಅಳು ಬಂತು. ಟ್ರಕ್ಕಿನವರು ನಮ್ಮನ್ನೂ ಹತ್ತಿಸಿಕೊಂಡು ಮೇಲೆ ಹೋಗಿ, ಕೊಂಬೆ ಕತ್ತರಿಸಿ, ಸೈಕಲ್ ಎಳೆದುಕೊಟ್ಟು, ನಮ್ಮನ್ನು ಕಾರಿನ ತನಕ ಬಿಟ್ಟರು.

ಆ ಚಳಿಗಾಲದಲ್ಲಿ ನನ್ನ ಗಂಡ ಮತ್ತೆ ಬೆಟ್ಟದ ಮಾತೆತ್ತಲಿಲ್ಲ. ಅಕ್ಟೋಬರಿನಲ್ಲಿ ಹೊಸ ಚಕ್ರ ಹಾಕಿಸಿಕೊಂಡು ಬಂದರು. ಗಾಳಿಯಿಲ್ಲದ ಒಂದು ದಿನ ನೋಡಿ ಇಬ್ಬರೂ ಹೋದೆವು. ಹಕ್ಕಿ ಹಾರಿ ಎಲೆ ಅಲುಗಿದರೂ ನಾನು ಕತ್ತೆತ್ತಿ ನೋಡುತ್ತಿದ್ದೆ, ಅವರೂ ನೋಡುತ್ತಿದ್ದರು.