ಬ್ರಶ್ಶಕ್ಕ ಅಳಿಸಿದ ಕಲೆ

ಪೇಟೆಯವರು ಅವಳನ್ನು ಬ್ರಶ್ಶಕ್ಕ ಎನ್ನುತ್ತಿದ್ದರು. ಹೊಳೆದಂಡೆಯ ಫೋಟೋ ಸ್ಟುಡಿಯೋಕ್ಕೆ ಸೊಸೆಯಾಗಿ ಬಂದು, ಕೂದಲೆಳೆಯಂಥ ಬ್ರಶ್ ಹಿಡಿದು ಊರಿನ ಮುಖಗಳನ್ನೆಲ್ಲ ತಿದ್ದಿದವಳು. ಮದುಮಗನ ಮೊಡವೆ, ಮದುಮಗಳ ಕಣ್ಣಡಿಯ ಕಪ್ಪು, ಮುದುಕರ ಹಣೆಯ ನೆರಿಗೆ, ಎಲ್ಲ ಮಂಗಮಾಯ. ಅವಳು ತಿದ್ದಿದ ಫೋಟೋ ನೋಡಿ ಹೆಂಡತಿಯೇ ಗಂಡನ ಗುರುತು ಹಿಡಿಯದ ಪ್ರಸಂಗವೂ ಒಮ್ಮೆ ನಡೆದಿತ್ತು. ಅಂಥವಳಿಂದಲೂ ಅತ್ತೆಯ ಮುಖದ ಸಿಡುಕೊಂದನ್ನು ಅಳಿಸಲಾಗಲಿಲ್ಲ. ಸೊಂಟ ಮುರಿದುಕೊಂಡ ಮೇಲೆ ಅತ್ತೆ ಕುರ್ಚಿಯಲ್ಲಿ ಕೂತೇ ಮನೆಯಾಳುತ್ತಿದ್ದರು. ಇಬ್ಬರದೂ ಎಣ್ಣೆ ಸೀಗೆಕಾಯಿ ಸಂಬಂಧ.

ಸ್ಟುಡಿಯೋಕ್ಕೆ ಹೆಸರು ಬಂದದ್ದು ನೆರೆಯ ಫೋಟೋಗಳಿಂದ. ಹೊಳೆ ಉಕ್ಕಿದಾಗಲೆಲ್ಲ ಮಾವ ದೋಣಿಯಲ್ಲಿ ನಿಂತು ಚರ್ಚಿನ ಫೋಟೋ ತೆಗೆಯುತ್ತಿದ್ದರು. ಚರ್ಚಿನವರು ಅವಕ್ಕೆ ಕಟ್ಟು ಹಾಕಿಸಿ, ಹಾಡುವವರು ನಿಲ್ಲುವ ಒಳಮಹಡಿಯ ಗೋಡೆಗೆ ತೂಗುಹಾಕಿದ್ದರು. ಒಂದರಲ್ಲಿ ನೀರು ಮೆಟ್ಟಿಲಿಗೆ, ಇನ್ನೊಂದರಲ್ಲಿ ಕಿಟಕಿಗೆ, ಎಲ್ಲಕ್ಕಿಂತ ದೊಡ್ಡ ನೆರೆಯದರಲ್ಲಿ ಹೆಬ್ಬಾಗಿಲು ಪೂರ್ತಿ ಮುಳುಗಿತ್ತು. ಆ ಸಲ ಊರವರೆಲ್ಲ ಮೊದಲೇ ಊರು ಬಿಟ್ಟಿದ್ದರು, ನೀರು ಏರಿದ್ದನ್ನು ಕಣ್ಣಾರೆ ಕಂಡವರಿರಲಿಲ್ಲ. ಆದರೆ ಯಾವುದರಲ್ಲೂ ನೀರು ಮಹಡಿಯ ಎತ್ತರ ಮುಟ್ಟಿರಲಿಲ್ಲ. ಹೊಳೆ ಬಂದರೆ ಮಹಡಿ ಹತ್ತುವುದು, ಫೋಟೋ ನೋಡಿ ಧೈರ್ಯ ತಂದುಕೊಳ್ಳುವುದು, ಇದು ಆ ಊರಿನವರ ರೂಢಿ. ಹೊಳೆ ಫೋಟೋ ನೋಡಿಕೊಂಡು ಏರುತ್ತದೆ ಅಂತ ಅವರ ಲೆಕ್ಕ!

ಮಾವ ತೀರಿಹೋದ ಮೇಲೆ ಆ ಫೋಟೋಗಳು ಮಾಸಿದವು. ಹೊಸ ಪ್ರತಿ ಮಾಡಿಕೊಡಿ ಎಂದು ಚರ್ಚಿನವರು ಕೇಳಿದಾಗ ಬ್ರಶ್ಶಕ್ಕ ಹಳೆಯ ನೆಗೆಟಿವ್‌ಗಳನ್ನು ಎದುರಿಟ್ಟುಕೊಂಡು ಕೂತಳು. ಗೀರು, ಬೂಷ್ಟು, ಬೆರಳಚ್ಚು ಎಲ್ಲ ತೆಗೆದಳು. ದೊಡ್ಡ ನೆರೆಯ ಚಿತ್ರದಲ್ಲಿ ನೀರಿನಿಂದ ಮೇಲಕ್ಕೆ, ಚರ್ಚಿನ ಬಿಳಿ ಗೋಡೆಯುದ್ದಕ್ಕೂ ಕಪ್ಪನೆಯ ಪಟ್ಟಿಯೊಂದಿತ್ತು. ಇದೆಂಥ ಕಲೆ ಎಂದು ಮೂಗು ಮುರಿದು ಅದನ್ನೂ ಒರೆಸಿದಳು. ಗೋಡೆ ಬೆಳ್ಳಗೆ ಫಳಫಳ ಎಂದಿತು. ಊರೆಲ್ಲ ಭೇಷ್ ಎಂದಿತು, ಅವಳೂ ಉಬ್ಬಿಹೋದಳು.

ಈ ಸಲ ಹೊಳೆ ಬಂದಾಗ ಗಂಡ ಯಾರದೋ ಮದುವೆಯ ಫೋಟೋ ತೆಗೆಯಲು ಆಚೆ ದಡಕ್ಕೆ ಹೋಗಿದ್ದ. ಸೇತುವೆ ಮುಳುಗಿ ಅಲ್ಲೇ ಸಿಕ್ಕಿಕೊಂಡ. ಅಕ್ಕಪಕ್ಕದವರು ಅತ್ತೆಯನ್ನು ಕುರ್ಚಿ ಸಮೇತ ಹೊತ್ತು ಚರ್ಚಿನ ಮಹಡಿಗೆ ತಂದು ಕೂರಿಸಿದರು. ಮಹಡಿ ತುಂಬ ಜನ, ಗಂಟುಮೂಟೆ, ಅಳುವ ಮಕ್ಕಳು. ಕೆಳಗೆ ಬೆಂಚುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ತೇಲುತ್ತಿದ್ದವು. ಹೊರಗೆ ಹೋಗುವ ದಾರಿ ಇರಲಿಲ್ಲ. ಮೇಲೆ ಗಂಟೆ ಗೂಡು, ಅದಕ್ಕೆ ಒಬ್ಬರು ಹತ್ತುವಷ್ಟು ಕಿರಿದಾದ ನೆಟ್ಟನೆಯ ಏಣಿ.

ಮಧ್ಯಾಹ್ನ ಮಳೆ ಸ್ವಲ್ಪ ಹೊತ್ತು ನಿಂತು, ನೀರು ಒಂದು ಗೇಣು ತಗ್ಗಿತು. ಜನ ಹೋ ಎಂದರು. ಕಿಟಕಿಯ ಬಳಿ ನಿಂತಿದ್ದ ಬ್ರಶ್ಶಕ್ಕನೂ ನಗುತ್ತ ಎದುರಿನ ಶಾಲೆಯ ಗೋಡೆ ನೋಡಿದಳು. ನೀರು ಇಳಿದಷ್ಟು ಜಾಗದಲ್ಲಿ ಗೋಡೆ ಒದ್ದೆಯಾಗಿ ಕಪ್ಪು ಪಟ್ಟಿ ಮೂಡಿತ್ತು.

ಅವಳು ಒರೆಸಿದ್ದು ಇದನ್ನೇ. ದೊಡ್ಡ ನೆರೆಯಲ್ಲಿ ನೀರು ಆ ಪಟ್ಟಿಯ ತುದಿಯವರೆಗೂ ಏರಿತ್ತು, ಇಳಿದ ಮೇಲೆ ತೆಗೆದ ಫೋಟೋ ಅದು. ಆ ಪಟ್ಟಿ ಈ ಮಹಡಿಯನ್ನೂ ದಾಟಿ, ಗಂಟೆ ಗೂಡಿನ ಬುಡದ ತನಕ ಹೋಗಿತ್ತು.

ಅಷ್ಟರಲ್ಲಿ ಮಳೆ ಮತ್ತೆ ಧೋ ಎಂದು ಹಿಡಿಯಿತು. ಹೇಳಬೇಕು. ಹೇಳಿದರೆ ಇಷ್ಟೂ ಜನ ಏಣಿಗೆ ಮುಗಿಬೀಳುತ್ತಾರೆ, ಕುರ್ಚಿಯಲ್ಲಿರುವ ಅತ್ತೆ ಇಲ್ಲೇ ಉಳಿಯುತ್ತಾರೆ. ಹೇಳದಿದ್ದರೆ ಎಲ್ಲರೂ ಇಲ್ಲೇ. ಅತ್ತೆಯ ಕಿವಿಯ ಹತ್ತಿರ ಬಗ್ಗಿ ಎಲ್ಲವನ್ನೂ ಹೇಳಿದಳು. ಬೈಗುಳಕ್ಕೆ ಸಿದ್ಧಳಾಗಿಯೇ ಹೇಳಿದಳು.

ಅತ್ತೆ ಕಿಟಕಿಯತ್ತ ನೋಡಿದರು. "ನಿನ್ನ ಮಾವ ಬಿಸಿಲು ಬರದೆ ಕ್ಯಾಮೆರಾ ಆಚೆ ತೆಗೆದವರೇ ಅಲ್ಲ. ನೀರು ಇಳಿಯೋ ತನಕ ಕಾಯ್ತಿದ್ರು. ನನಗಾದ್ರೂ ಹೊಳೀಬೇಕಿತ್ತು. ಹೇಳು, ಜೋರಾಗಿ ಹೇಳು."

ಅವಳು ಹೇಳಿದಳು. ಗಂಟೆ ಹೊಡೆಯುವ ಮುದುಕ ಗೋಡೆಯ ಫೋಟೋ ತೋರಿಸಿ ರೇಗಿದ. "ಏನಮ್ಮಾ, ನಿನ್ನ ಅಂಗಡೀದೇ ಫೋಟೋ! ಗೋಡೆ ಎಷ್ಟು ಬೆಳ್ಳಗಿದೆ ನೋಡು. ಸುಮ್ನೆ ಜನರನ್ನ ಹೆದರಿಸ್ಬೇಡ."

"ಬೆಳ್ಳಗೆ ಮಾಡಿದವಳೇ ನಾನು, ಅಜ್ಜಾ!" ಎಂದಳು ಬ್ರಶ್ಶಕ್ಕ. ಅಳು ಒತ್ತರಿಸಿ ಬಂತು.

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗ ಅತ್ತೆ ಕುರ್ಚಿಯ ಕೈ ಕುಟ್ಟಿದರು. "ನನ್ನ ಸೊಸೆಗೆ ಅಡುಗೆ ಬರಲ್ಲ, ನಯವಾಗಿ ಮಾತಾಡೋಕೂ ಬರಲ್ಲ. ಸುಳ್ಳು ಹೇಳೋಕಂತೂ ಬರಲ್ಲ. ಗಂಟೆ ಹಗ್ಗ ತಗೊಂಡು ಕುರ್ಚಿಗೆ ಕಟ್ಟಿ. ನನ್ನನ್ನೇ ಮೊದಲು ಎಳೀರಿ."

ನಾಲ್ಕು ಗಂಡಸರು ಗೊಣಗುತ್ತಲೇ ಹಗ್ಗ ಕಟ್ಟಿ, ಗೂಡಿಗೆ ಹತ್ತಿ ಎಳೆದರು. ಕಾಲೂರಲಾಗದ ಮುದುಕಿ ಮೇಲೆ ಹೋದದ್ದನ್ನು ಕಂಡು ಕಾಲಿದ್ದವರಿಗೆ ನಾಚಿಕೆಯಾಯಿತೋ ಹೆದರಿಕೆಯಾಯಿತೋ, ಮಕ್ಕಳನ್ನು ಮುಂದೆ ಮಾಡಿ ಒಬ್ಬೊಬ್ಬರಾಗಿ ಹತ್ತಿದರು. ಮುದುಕ ಕೊನೆಯಲ್ಲಿ ಹತ್ತುವಾಗ ಮಹಡಿಯ ಹಲಗೆಗಳ ಸಂದಿನಿಂದ ನೀರು ಚಿಮ್ಮುತ್ತಿತ್ತು.

ಗೂಡಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಒಬ್ಬರ ಮೊಣಕೈ ಇನ್ನೊಬ್ಬರ ಪಕ್ಕೆಗೆ. ಇನ್ನು ಮೇಲೆ ಹೋಗಲು ಏಣಿಯೂ ಇಲ್ಲ, ಜಾಗವೂ ಇಲ್ಲ. ಬ್ರಶ್ಶಕ್ಕ ಗೂಡಿನ ಸಂದಿಯಿಂದ ಹೊರಗೋಡೆ ನೋಡುತ್ತಲೇ ಇದ್ದಳು. ಪಟ್ಟಿಯ ತುದಿ ಎಲ್ಲಿತ್ತೆಂದು ಅವಳಿಗೊಬ್ಬಳಿಗೇ ಗೊತ್ತು. ನೀರು ಅಲ್ಲಿಗೆ ಬಂದು, ನಿಲ್ಲದೆ ದಾಟಿತು.

"ಎಲ್ಲಿವರೆಗೆ ಬಂತೇ?" ಎಂದರು ಅತ್ತೆ.

ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಇನ್ನೂ ಕೆಳಗಿದೆ ಎಂದುಬಿಟ್ಟರೆ ಆ ಮುಖಗಳೆಲ್ಲ ಒಂದು ಗಳಿಗೆ ಅರಳುತ್ತಿದ್ದವು. ಅವಳಿಗೆ ಬೇಡವೆನಿಸಿತು.

"ದಾಟಿತು ಅತ್ತೆ. ಇನ್ನೆಷ್ಟು ಏರುತ್ತೋ, ನನಗೂ ಗೊತ್ತಿಲ್ಲ."

ಅತ್ತೆ ಎರಡೂ ತೋಳು ಚಾಚಿದರು. "ಹಾಗಾದ್ರೆ ನನ್ನನ್ನ ಎತ್ತು. ಕುರ್ಚಿ ಮೇಲೆ ಮೂರು ಮಕ್ಕಳು ನಿಲ್ಲಬಹುದು."

"ನಿಮಗೆ ನಿಲ್ಲೋಕಾಗಲ್ಲ ಅತ್ತೆ."

"ನೀನು ಹಿಡ್ಕೋ."

ಬ್ರಶ್ಶಕ್ಕ ಅತ್ತೆಯ ಸೊಂಟಕ್ಕೆ ಎರಡೂ ಕೈ ಬಳಸಿ ಎತ್ತಿಕೊಂಡಳು. ಅತ್ತೆ ಅವಳ ಕೊರಳು ತಬ್ಬಿ, ಮುಖವನ್ನು ಅವಳ ಭುಜಕ್ಕೆ ಒತ್ತಿದರು. ಮಕ್ಕಳು ಕುರ್ಚಿ ಹತ್ತಿದರು. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಅಲ್ಲಿಗೆ ನಿಂತಿತು. ನಿಂತಿತೆಂದು ಅವಳಿಗೆ ನಂಬಿಕೆ ಬರಲಿಲ್ಲ. ಮರುದಿನ ದೋಣಿ ಬಂದು, ಕೈ ಬಿಡಿ ಎಂದು ಎಷ್ಟು ಜನ ಹೇಳಿದರೂ ಅವಳು ಅತ್ತೆಯನ್ನು ಬಿಡಲಿಲ್ಲ, ಅತ್ತೆಯೂ ಅವಳ ಕೊರಳು ಬಿಡಲಿಲ್ಲ.