ಒಂದೇ ಗಾಡಿ, ಎರಡು ಹರಕೆ

ಆಗ ಶಹಾಪುರದ ನಮ್ಮ ಓಣಿಯಲ್ಲಿ ಮನೆಗಳಿಗೆ ಎರಡೆರಡು ಬಾಗಿಲು. ಮುಂದಿನದು ಬೀಗರಿಗೆ, ಹಿತ್ತಲಿನದು ಬೇಕಾದವರಿಗೆ. ನಮ್ಮ ಹಿತ್ತಲ ಬಾಗಿಲು ತೆರೆದರೆ ಎದುರಿಗೇ ಚಾಂದಬೀ ಖಾಲಾನ ಅಂಗಳ. ಖಾಲಾ ಅಂದರೆ ಉರ್ದುವಿನಲ್ಲಿ ಚಿಕ್ಕಮ್ಮ. ಖಾಲಾನ ಮಗಳು ಮುನ್ನಿ ನನ್ನ ಕ್ಲಾಸಿನವಳು. ಶಾಲೆ ಬಿಟ್ಟ ಮೇಲೆ ಆ ಹೊಸ್ತಿಲ ಮೇಲೆ ಹರಳು ಆಡುವುದೇ ನಮ್ಮ ಕೆಲಸ.

ನನಗೊಮ್ಮೆ ಟೈಫಾಯ್ಡ್ ಬಂತು. ನನ್ನ ಆಯಿ, ಅಂದರೆ ಅಪ್ಪನ ತಾಯಿ, ಕಲಬುರಗಿಯ ಖ್ವಾಜಾ ಬಂದೇನವಾಜರಿಗೆ ಹೂವಿನ ಚಾದರ ಹೊದಿಸುತ್ತೇನೆಂದು ಬೇಡಿಕೊಂಡಳು. ಚಾಂದಬೀ ಖಾಲಾ ಗಾಣಗಾಪುರದ ದತ್ತನಿಗೆ, ಮಧ್ಯಾಹ್ನದ ಭಿಕ್ಷೆಯ ಹೊತ್ತಿಗೆ ರೊಟ್ಟಿ ನೀಡುತ್ತೇನೆಂದು ಹರಕೆ ಹೊತ್ತಳು. ಇಬ್ಬರೂ ಅದಲುಬದಲು ಮಾಡಿಕೊಂಡಿರಲ್ಲ ಎಂದು ಅಪ್ಪ ನಕ್ಕರೆ, ಆಯಿಯ ಉತ್ತರ ತಯಾರಿತ್ತು.

“ಮನಿ ದೇವ್ರು ಕೇಳದಿದ್ರೂ ಕೊಡ್ತಾನ. ಮಗ್ಗಲಮನಿ ದೇವ್ರನ್ನ ಕೇಳಬೇಕಾಗ್ತದ.”

ಯಾವ ದೇವರು ಕಣ್ಣು ತೆರೆದನೋ, ಜ್ವರವಂತೂ ಇಳಿಯಿತು. ಹರಕೆ ತೀರಿಸುವ ಮೊದಲೇ ಜಗಳ ಬಂತು. ಮಾಳಿಗೆಯ ಮೇಲೆ ಆಯಿ ಒಣಹಾಕಿದ್ದ ಸಂಡಿಗೆಯನ್ನು ಖಾಲಾನ ಆಡು ಮೇಯ್ದುಬಿಟ್ಟಿತು. ಸಿಟ್ಟಿಗೆ ಆಯಿ ಬೀಸಿದ ಕಟ್ಟಿಗೆ ಆಡಿನ ಹಿಂಗಾಲಿಗೆ ಬಿತ್ತು. ಸಂಡಿಗೆ ದೊಡ್ಡದೋ ಕಾಲು ದೊಡ್ಡದೋ ಎಂದು ಇಡೀ ಓಣಿ ಕೇಳುವಂತೆ ವಾದವಾಗಿ, ಹಿತ್ತಲ ಬಾಗಿಲಿಗೆ ಅಗಳಿ ಬಿತ್ತು. ಮಳೆಗಾಲ ಮುಗಿದು ಹೊಲದಲ್ಲಿ ಜೋಳ ತೆನೆ ಕಟ್ಟಿದರೂ ಅದನ್ನು ಯಾರೂ ತೆಗೆಯಲಿಲ್ಲ. ಆ ಬಾಗಿಲ ಕಡೆ ನೋಡಿದರೆ ನನಗೆ ಅಳುವೇ ಬರುತ್ತಿತ್ತು.

ನಮ್ಮ ಓಣಿಯ ಮೌಲಾಲಿ ಮಾಮಾ ಸಂಕ್ರಾಂತಿ ಆದ ಮೇಲೆ ತನ್ನ ಟ್ರ್ಯಾಕ್ಸ್ ಗಾಡಿಯಲ್ಲಿ ಜನರನ್ನು ತುಂಬಿಕೊಂಡು, ಒಂದೇ ದಿನದಲ್ಲಿ ದರ್ಗಾಕ್ಕೂ ಗಾಣಗಾಪುರಕ್ಕೂ ಕರೆದೊಯ್ಯುತ್ತಿದ್ದ. ಗಾಡಿ ಓಡಿಸುವವನೂ ಅವನೇ, ಎರಡೂ ಕಡೆಯ ಮಹಿಮೆ ಹೇಳುವವನೂ ಅವನೇ. ಜಗಳ ಮನುಷ್ಯರ ಜತೆ, ಹರಕೆ ದೇವರ ಜತೆ. ಹಾಗಾಗಿ ಆ ವರ್ಷ ಇಬ್ಬರೂ ಗಾಡಿ ಹತ್ತಿದರು. ಆಯಿ ಒಂದು ಕಿಟಕಿ, ಖಾಲಾ ಇನ್ನೊಂದು ಕಿಟಕಿ. ನಡುವೆ ಮುನ್ನಿ ಮತ್ತು ನಾನು.

“ಇವತ್ತ ಮಾತಾಡ್ತಾರೇನ?” ಎಂದು ಮುನ್ನಿಯ ಕಿವಿಯಲ್ಲಿ ಕೇಳಿದೆ.

“ಆಡಲಿಲ್ಲಂದ್ರ ನಾ ಮನಿಗೇ ಬರಂಗಿಲ್ಲ,” ಎಂದಳು ಅವಳು.

ಜೇವರ್ಗಿ ದಾಟಿ ಭೀಮಾ ಸೇತುವೆ ಬರುವಾಗ ಬೆಳಕು ಹರಿಯಿತು. ದರ್ಗಾದ ಬಾಗಿಲಲ್ಲಿ ಗುಲಾಬಿ, ಊದಿನಕಡ್ಡಿ, ಬಿಸಿ ಚಹಾದ ವಾಸನೆ ಒಟ್ಟಿಗೇ ಮೂಗಿಗೆ ಬಂತು. ಆಯಿ ಹೂವಿನ ಚಾದರ ಎತ್ತಿಕೊಂಡು ನಡೆದಳು. ಹಿಂದಿನಿಂದ ಖಾಲಾನ ದನಿ ಬಂತು.

“ಮುನ್ನೀ, ಅವರಿಗಿ ಹೇಳು, ತಲಿಮ್ಯಾಲೆ ಸೆರಗು ಹಾಕ್ಕೋರಿ ಅಂತ.”

ಆಯಿ ನನ್ನತ್ತ ತಿರುಗಿದಳು. “ನಿಮ್ಮ ಖಾಲಾಗ ಹೇಳು, ಆಕಿ ಹುಟ್ಟೂಕಿಂತ ಮದ್ಲಿಂದ ಸೆರಗು ಹೊದಿಯಾಕತ್ತೀನಿ ಅಂತ.”

ಹೇಳುವ ಅಗತ್ಯವೇ ಇರಲಿಲ್ಲ, ಇಬ್ಬರ ನಡುವೆ ಇದ್ದದ್ದೇ ಒಂದು ಮೊಳ ಜಾಗ. ಗೋರಿಯ ಹತ್ತಿರ ಹೆಂಗಸರು ಹೋಗುವಂತಿಲ್ಲವಾದ್ದರಿಂದ ಮೌಲಾಲಿ ಮಾಮಾ ಚಾದರವನ್ನು ಒಳಗೊಯ್ದು ಹೊದಿಸಿದ, ಸಕ್ಕರೆಯ ಮೇಲೆ ಫಾತೆಹಾ ಓದಿಸಿಕೊಂಡು ಬಂದ. ಆಯಿ ಎಲ್ಲರ ಅಂಗೈಗೂ ಸಕ್ಕರೆ ಹಾಕಿದಳು. ಖಾಲಾನ ಪಾಲು ಮಾತ್ರ ನನ್ನ ಕೈಯಿಂದ ಹೋಯಿತು.

ಗಾಣಗಾಪುರ ಮುಟ್ಟಿದಾಗ ಬಿಸಿಲು ನೆತ್ತಿಯ ಹತ್ತಿರ. ಇಳಿಯುವ ಮೊದಲು ಮೌಲಾಲಿ ಮಾಮಾ ಎಲ್ಲರಿಗೂ ಹೇಳಿದ.

“ದತ್ತ ಈ ಹೊತ್ತಿನಾಗ ಭಿಕ್ಷಾಕ್ಕ ಬರ್ತಾನ. ಬೇಡಾವ್ರಾಗೂ ಇರಬಹುದು, ನೀಡಾವ್ರಾಗೂ ಇರಬಹುದು. ಇಲ್ಲಿಗಿ ಬಂದಾವ್ರು ಐದು ಕಡಿ ಬೇಡಬೇಕು. ಬಾಯಿ ಬಿಟ್ಟು ಬೇಡಬೇಕು. ಜೋಳಗ್ಯಾಗ ಬಿದ್ದದ್ದು ಒಲ್ಲೆ ಅನ್ನಂಗಿಲ್ಲ.”

ಖಾಲಾ ಒಂದು ಕಟ್ಟೆಯ ಪಕ್ಕ ರೊಟ್ಟಿ ಬುಟ್ಟಿ ಇಟ್ಟುಕೊಂಡು ನಿಂತಳು. ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ಮುನ್ನಿಯ ಕೈಯಲ್ಲಿ. ಆಯಿ ಸೆರಗನ್ನೇ ಜೋಳಿಗೆ ಮಾಡಿಕೊಂಡು ಬೇಕಂತಲೇ ಓಣಿಯ ಇನ್ನೊಂದು ತುದಿಗೆ ಹೋದಳು. ಯಾರ ಮುಂದೂ ಕೈಯೊಡ್ಡದ ಹೆಂಗಸು ಅವಳು. ಒಂದೊಂದು ಬಾಗಿಲಲ್ಲೂ ಬಾಯಿ ಬಿಡಲು ಹೊತ್ತು ತೆಗೆದುಕೊಂಡಳು. ನಾಲ್ಕು ಕಡೆ ಆಗುವಷ್ಟರಲ್ಲಿ ನೀಡುವವರು ಬುಟ್ಟಿ ಬಳಿದು ಹೊರಟಿದ್ದರು. ಬಾಗಿಲುಗಳು ಮುಚ್ಚಿದ್ದವು. ಉಳಿದವಳು ಖಾಲಾ ಒಬ್ಬಳೇ, ಅವಳ ಬುಟ್ಟಿಯಲ್ಲಿ ಉಳಿದದ್ದು ಒಂದೇ ರೊಟ್ಟಿ.

ನಾನು ಆಯಿಯ ಕೈ ಹಿಡಿದು ಎಳೆದೆ. ಬೈಯಲಿಲ್ಲ, ಬಂದಳು. ಖಾಲಾನ ಮುಂದೆ ನಿಂತು ಅತ್ತ ನೋಡಿದಳು, ಇತ್ತ ನೋಡಿದಳು. ಕೊನೆಗೆ ಸೆರಗು ಚಾಚಿದಳು.

“ಭಿಕ್ಷಾ ನೀಡವಾ, ಚಾಂದಬೀ.”

ಖಾಲಾ ಬುಟ್ಟಿಗೆ ಕೈ ಹಾಕಿದಳು. ರೊಟ್ಟಿ ಹಾಕಿ, ಮೇಲೆ ಹಿಂಡಿ ಹಾಕಿ ಮೆಲ್ಲಗೆ ಅಂದಳು: “ರೊಟ್ಟಿ ಅಷ್ಟೇ ಅದರಿ ಕಾಕಿ. ಸಂಡಿಗಿ ಇಲ್ಲ.”

ಮತ್ತೆ ಹೊತ್ತಿಕೊಂಡಿತು ಎಂದು ನಾನು ಕಣ್ಣು ಮುಚ್ಚಿಬಿಟ್ಟೆ.

“ಸಂಡಿಗಿ ಹಾಳಾಗಿ ಹೋಗ್ಲಿ. ಆಡಿನ ಕಾಲು ಹ್ಯಾಂಗದ?”

“ಕುಂಟ್ತದರಿ. ಆದ್ರ ಮಾಳಗಿ ಹತ್ತೂದು ಬಿಟ್ಟಿಲ್ಲ.”

ಆಯಿ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು. ನೆರಳಿನಲ್ಲಿ ಕೂತು ಆ ರೊಟ್ಟಿಯನ್ನು ಮುರಿದು ನಾಲ್ವರೂ ತಿಂದೆವು. ಅದರ ರುಚಿ ಈಗಲೂ ನಾಲಿಗೆಯ ಮೇಲಿದೆ. ಊರಿಗೆ ಬಂದು ಕೈಕಾಲು ತೊಳೆಯುವ ಮೊದಲೇ ಆಯಿ ಹಿತ್ತಲ ಅಗಳಿ ತೆಗೆದಳು.

ಈಗ ಆಯಿ ಇಲ್ಲ, ಖಾಲಾನೂ ಇಲ್ಲ, ಮೌಲಾಲಿ ಮಾಮಾ ಮತ್ತು ಅವನ ಟ್ರ್ಯಾಕ್ಸ್ ಕೂಡ ಇಲ್ಲ. ಹಿತ್ತಲ ಬಾಗಿಲಿದ್ದಲ್ಲಿ ಸಿಮೆಂಟಿನ ಕಂಪೌಂಡ್ ಎದ್ದಿದೆ. ನಾನು ಹುಣಸಗಿಯಲ್ಲಿ ಟೀಚರು, ಮುನ್ನಿ ಸುರಪುರದಲ್ಲಿ ಬಟ್ಟೆ ಹೊಲಿಯುತ್ತಾಳೆ. ಮೊನ್ನೆ ಅವಳ ಮಗಳ ಹೆರಿಗೆ ಕಷ್ಟವಾಗಿ ಯಾದಗಿರಿಯ ದವಾಖಾನೆಗೆ ಸೇರಿಸಿದ್ದರು. ಸುದ್ದಿ ಕೇಳಿದ ಕೂಡಲೇ ನಾನು ಖ್ವಾಜಾರಿಗೆ ಚಾದರ ಬೇಡಿಕೊಂಡೆ. ತಾಯಿ ಮಗು ಚೆನ್ನಾಗಿದ್ದಾರೆಂದು ತಿಳಿದ ಮೇಲೆ ನೋಡಲು ಹೋಗಿ ಮುನ್ನಿಗೆ ಹೇಳಿದರೆ, ಅವಳು ಆಗಲೇ ದತ್ತನಿಗೆ ರೊಟ್ಟಿ ಬೇಡಿಕೊಂಡಿದ್ದಳು.

ಅಲ್ಲಿಂದಲೇ ಗಾಡಿಯವನೊಬ್ಬನಿಗೆ ಫೋನ್ ಮಾಡಿದೆ. “ದರ್ಗಾದ ಗಾಡಿ ಬ್ಯಾರೆ, ಗಾಣಗಾಪುರದ್ದು ಬ್ಯಾರೆ ಮೇಡಂ. ನಿಮಗ್ಯಾವುದು ಬೇಕ್ರಿ?” ಎಂದ.

ಮುನ್ನಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. “ಎರಡೂ ಬೇಕ್ರಿ. ಒಂದಾ ದಿನ, ಒಂದಾ ಗಾಡಿ.”

“ಹಿಂಗ ಯಾರೂ ಕೇಳಿದ್ದಿಲ್ರಿ,” ಎಂದ. “ಕೇಳಿದ್ರ ಬರ್ತೀನ್ರಿ.”

ಸಂಕ್ರಾಂತಿ ಆದ ಮೇಲೆ ಹೊರಡುತ್ತೇವೆ. ರೊಟ್ಟಿ ಅವಳದು, ಸಂಡಿಗೆ ನನ್ನದು.