ವೈಫೈ ಕಳ್ಳರನ್ನು ಹಿಡಿಯುವ ಎಕ್ಸ್‌ಚೇಂಜಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪಿಟೀಲು ಟೀಚರ ನಡುಮನೆಯಲ್ಲಿ ದೀಪ ಹಾಕದೆ, ಬೆತ್ತದ ಕುರ್ಚಿಯ ತುದಿಯಲ್ಲಿ ಎಪ್ಪತ್ತರ ಹತ್ತಿರದ ಹೆಂಗಸೊಬ್ಬರು ಕೂತಿದ್ದಾರೆ. ಕೈಚೀಲ ತೊಡೆಯ ಮೇಲೆ, ಕಣ್ಣು ಗೋಡೆಯ ವೈಫೈ ಡಬ್ಬಿಯ ಮೇಲೆ. ಮನೆಯೊಡತಿಯ ಫೋನು, ಲ್ಯಾಪ್‌ಟಾಪು, ಟಿವಿ ಎಲ್ಲ ಆಫ್ ಆಗಿವೆ. ಆದರೂ ಡಬ್ಬಿಯ ಹಸಿರು ದೀಪ ಎಡೆಬಿಡದೆ ಪಿಳಿಪಿಳಿ ಎನ್ನುತ್ತಿದೆ.

“ನೋಡಿದ್ರಾ?” ಎಂದು, ಅವರ ಕೆಲಸ ನೋಡಲು ಜೊತೆಗೆ ಬಂದಿರುವ ನನಗೆ ಪಿಸುಗುಟ್ಟುತ್ತಾರೆ, ಒಳಗೆ ಸೇರಿಕೊಂಡಿರುವ ಕಳ್ಳನಿಗೆ ಕೇಳಿಸೀತು ಎಂಬಂತೆ. “ಮನೆಯವರೆಲ್ಲ ಸುಮ್ಮನಾದ್ರೂ ಇದು ಮಾತಾಡ್ತಾನೇ ಇದೆ. ಆಗೊಮ್ಮೆ ಈಗೊಮ್ಮೆ ಮಿಟುಕಿದ್ರೆ ಚಿಂತೆ ಇಲ್ಲ, ಅದು ಅದರ ಉಸಿರಾಟ. ಹೀಗೆ ಒಂದೇ ಸಮ ಹರಟ್ತಾ ಇದ್ರೆ, ಆ ಕಡೆ ಯಾರೋ ಇದಾರೆ ಅಂತಲೇ ಲೆಕ್ಕ.”

ಇವರು ಎಕ್ಸ್‌ಚೇಂಜಕ್ಕ. ಹೆತ್ತವರಿಟ್ಟ ಹೆಸರು ಮನೆಯವರಿಗೂ ಮರೆತಂತಿದೆ. ಒಂದು ಕಾಲದಲ್ಲಿ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ದೂರದೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ, ಸ್ನಾನಕ್ಕೂ ಹೋಗದೆ ಫೋನಿನ ಮುಂದೆ ಕಾದು ಕೂತ ತಲೆಮಾರಿಗೆ ಇವರ ಮುಖ ಗೊತ್ತಿಲ್ಲದಿದ್ದರೂ ದನಿ ಗೊತ್ತು. “ಲೈನಲ್ಲಿರಿ, ಕೊಡ್ತೀನಿ” ಎಂಬ ಆ ಒಂದು ಮಾತಿಗೆ ನಮ್ಮ ಮನೆಯಲ್ಲಿ ಎಲ್ಲರೂ ಎದ್ದು ನಿಲ್ಲುತ್ತಿದ್ದೆವು. ಈಗ ಕೈಯಲ್ಲೇ ಫೋನಿದೆ, ಯಾರೂ ಎದ್ದು ನಿಲ್ಲುವುದಿಲ್ಲ.

ತಾನಾಗಿಯೇ ಕರೆ ಜೋಡಿಸುವ ಯಂತ್ರ ಬಂದ ವಾರ ಎಕ್ಸ್‌ಚೇಂಜಕ್ಕ ಮನೆಯಲ್ಲಿ ಕೂತು ಅತ್ತಿದ್ದರಂತೆ. ಆಮೇಲೆ ನಿವೃತ್ತಿಯವರೆಗೂ ದೂರು ವಿಭಾಗದಲ್ಲಿ ದುಡಿದರು. ಇಡೀ ದಿನ ಹೆಡ್‌ಫೋನ್ ಹಾಕಿದ್ದ ಎಡಗಿವಿ ಈಗ ಮಂದ. ಮಂಡಿಯೂ ಮುಷ್ಕರ ಹೂಡಿದೆ. ಸೊಸೆ ಮನೆಮನೆಗೆ ಇಂಟರ್ನೆಟ್ ಕೊಡುವ ಅಂಗಡಿ ತೆರೆದಾಗ, ಬಂದ ಫೋನಿಗೆ ಉತ್ತರ ಹೇಳಲು ಇವರನ್ನು ಕೂರಿಸಿದಳು. “ನೆಟ್ ಸ್ಲೋ” ಎಂಬ ದೂರುಗಳಲ್ಲಿ ಎಷ್ಟೋ ಸಲ ತಪ್ಪು ಕಂಪನಿಯದಲ್ಲ, ಪಕ್ಕದ ಮನೆಯದು ಎಂದು ಮೊದಲು ಪತ್ತೆ ಹಚ್ಚಿದ್ದು ಅತ್ತೆಯೇ. ಈಗ ದಿನಕ್ಕೆ ಮೂರು ನಾಲ್ಕು ಮನೆ ಸುತ್ತುತ್ತಾರೆ. ಮೊದಲ ಮನೆ ಯಾವಾಗಲೂ ಬೆಳಗಿನ ಜಾವಕ್ಕೇ, ಏಕೆಂದರೆ ಮನೆಮಂದಿ ಮಲಗಿರುವಾಗ ಕಳ್ಳ ಬೇಗ ಸಿಗುತ್ತಾನೆ.

ಇಂದಿನ ಮನೆಯ ಕತೆ ಮಾತ್ರ ಸ್ವಲ್ಪ ಬಿಗಿ. ಟೀಚರು ದೂರದೂರದ ಮಕ್ಕಳಿಗೆ ವಿಡಿಯೋದಲ್ಲಿ ಪಿಟೀಲು ಕಲಿಸುತ್ತಾರೆ. ಕೆಲವು ತಿಂಗಳಿಂದ ಕಮಾನು ಮುಂದೆ ಹೋದರೆ ನಾದ ಹಿಂದೆ ಬರುತ್ತಿದೆ. ಬೇಸತ್ತ ಮಕ್ಕಳು ಒಬ್ಬೊಬ್ಬರಾಗಿ ಪಾಠ ಬಿಟ್ಟಿದ್ದಾರೆ. ಟೀಚರ ಅನುಮಾನ ಮಹಡಿಯ ಮೇಲೆ ಬಾಡಿಗೆಗಿರುವ ನರ್ಸ್ ಹುಡುಗಿಯ ಮೇಲೆ. ಒಮ್ಮೆ ಪರೀಕ್ಷೆಗೆ ಓದಲೆಂದು ಪಾಸ್‌ವರ್ಡ್ ಕೇಳಿ ಪಡೆದವಳು ಅವಳೊಬ್ಬಳೇ. “ನಾನು ಆಮೇಲೆ ಮುಟ್ಟೇ ಇಲ್ಲ ಮೇಡಂ” ಎಂದರೂ ಟೀಚರು ನಂಬಲಿಲ್ಲ. ಮನೆ ಖಾಲಿ ಮಾಡಲು ಹೇಳಿಯಾಗಿದೆ. ತಾಯಿಯನ್ನು ಕರೆದುಕೊಂಡು ಆಕೆ ನಾಳೆ ಹೊರಡಬೇಕು. ಎಕ್ಸ್‌ಚೇಂಜಕ್ಕನನ್ನು ಕರೆಸಿದ್ದು ಸಾಕ್ಷಿಗೆ.

“ಆ ಹುಡುಗಿ ಈಗೆಲ್ಲಿ?” ಎಂದು ಕೇಳುತ್ತಾರೆ ಎಕ್ಸ್‌ಚೇಂಜಕ್ಕ.

“ರಾತ್ರಿ ಪಾಳಿ. ಆಸ್ಪತ್ರೆಯಲ್ಲಿದಾಳೆ.”

“ಫೋನು?”

“ಅವಳ ಜೊತೇಲೇ ಇರುತ್ತೆ.”

“ತಾಯಿ ಹತ್ರ?”

“ಅವರದ್ದು ಹಳೇ ಬಟನ್ ಫೋನು. ಮೇಲೆ ಟಿವಿನೂ ಇಲ್ಲ.”

“ಹಾಗಾದ್ರೆ ಈ ದೀಪ ಯಾರಿಗೋಸ್ಕರ ಉರೀತಿದೆ ತಾಯಿ?”

ಟೀಚರು ಡಬ್ಬಿಯನ್ನು ನೋಡುತ್ತಾರೆ, ಮಾಳಿಗೆಯನ್ನು ನೋಡುತ್ತಾರೆ.

ಎಕ್ಸ್‌ಚೇಂಜಕ್ಕ ಕನ್ನಡಕ ಏರಿಸಿ ತಮ್ಮ ಮೊಬೈಲಿನಲ್ಲಿ, ಯಾರ್ಯಾರು ಸೇರಿಕೊಂಡಿದ್ದಾರೆಂದು ತೋರಿಸುವ ಡಬ್ಬಿಯ ಒಳಪುಟ ತೆರೆಯುತ್ತಾರೆ. ಟೀಚರೇ ಪಾಸ್‌ವರ್ಡ್ ಒತ್ತಿ ಸೇರಿಸಿಕೊಟ್ಟ ಅವರ ಮೊಬೈಲನ್ನು ಬಿಟ್ಟರೆ ಅಲ್ಲಿರುವುದು ಒಂದೇ ಒಂದು ಅಪರಿಚಿತ ಯಂತ್ರ. ಹೆಸರಿಲ್ಲ, ಬರೀ ಅಂಕಿ ಅಕ್ಷರಗಳ ಸರಮಾಲೆ. “ಪಾಸ್‌ವರ್ಡ್ ಏನಿಟ್ಟಿದೀರಿ? ಹೇಗೂ ಬದಲಾಯಿಸ್ತೀವಿ, ಹೇಳಿ.” ಟೀಚರು ನಾಚುತ್ತಾರೆ. ಅರವತ್ತು ದಾಟಿದ ಅವರ ಪಾಸ್‌ವರ್ಡು “ಗುಬ್ಬಿಮರಿ”. ತಾಯಿ ಇಟ್ಟ ಮುದ್ದಿನ ಹೆಸರಂತೆ. ಆಟಕ್ಕೆ ಹೋದ ಮಗಳನ್ನು ಸಂಜೆ ಮಹಡಿಯಿಂದ ಹಾಗೇ ಕೂಗುತ್ತಿದ್ದರಂತೆ. ತಾಯಿ ಹೋದ ಮೇಲೆ ಮನೆಯಲ್ಲಿ ಹಾಗೆ ಕರೆಯುವವರು ಉಳಿಯಲಿಲ್ಲ, ಯಾವಾಗಲಾದರೊಮ್ಮೆ ಬೆರಳಿಗೆ ಸಿಗಲಿ ಎಂದು ಇಟ್ಟುಕೊಂಡಿದ್ದಾರೆ.

ಎಕ್ಸ್‌ಚೇಂಜಕ್ಕನಿಗೆ ನಗು ತಡೆಯಲಾಗುವುದಿಲ್ಲ. “ಬೀದಿಗೆಲ್ಲ ಕೇಳೋ ಹಾಗೆ ಕೂಗಿದ ಹೆಸರನ್ನ ಗುಟ್ಟು ಅಂತ ಇಟ್ಕೊಂಡಿದೀರಲ್ಲ! ಇರಲಿ, ಹಿಡಿಯೋದು ಈಗ ಸುಲಭ. ಲೈನ್ ಕತ್ತರಿಸಿದಾಗ ಯಾರು ಮೊದಲು ‘ಹಲೋ ಹಲೋ’ ಅಂತಾರೋ ಅವರೇ ಮಾತಾಡ್ತಿದ್ದೋರು.”

ಅವರು ಆ ಒಂದು ಯಂತ್ರವನ್ನು ತಡೆಹಿಡಿದ ಕೂಡಲೇ ಡಬ್ಬಿಯ ದೀಪ ತಣ್ಣಗಾಗುತ್ತದೆ. ಅದರ ಬೆನ್ನಿಗೇ ಹಿತ್ತಲಾಚೆಯ ಬೇಕರಿಯಿಂದ ಬರುತ್ತಿದ್ದ ಹಳೆಯ ಹಾಡೊಂದು ಚರಣದ ನಡುವೆ ನಿಂತುಬಿಡುತ್ತದೆ. ದಿನವೂ ಕೇಳಿ ಕೇಳಿ ಅದು ಯಾರ ಕಿವಿಗೂ ಬಿದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಾಂಪೌಂಡ್ ಗೋಡೆಯ ಮೇಲೆ ಹಿಟ್ಟು ಮೆತ್ತಿದ ಎರಡು ಕೈ, ನಡುವೆ ಬೋಳುತಲೆ.

“ಗುಬ್ಬೀ, ನಿಮ್ಮನೇಲಿ ನೆಟ್ ಹೋಯ್ತೇನೇ?”

ಟೀಚರ ಬಾಲ್ಯದ ಜೊತೆಗಾರ, ಬೇಕರಿ ಯಜಮಾನರು. ಅಂಗಡಿಯ ದೊಡ್ಡ ಟಿವಿಯಲ್ಲಿ ಒಲೆ ಹೊತ್ತಿದಾಗಿನಿಂದ ಬಾಗಿಲು ಹಾಕುವವರೆಗೂ ಹಾಡಿನ ವಿಡಿಯೋ ಓಡುತ್ತಿರುತ್ತದೆ. ಒಂದು ದಿನ ಸುಮ್ಮನೆ “ಗುಬ್ಬಿಮರಿ” ಎಂದು ಒತ್ತಿ ನೋಡಿದರಂತೆ, ತೆರೆದುಕೊಂಡಿತಂತೆ. “ಇದೂ ಕಳ್ಳತನವಾ?” ಎಂದು ಅವರು ನಿಜವಾಗಿಯೂ ಬೆರಗಾಗುತ್ತಾರೆ. “ಬೀದಿಗೆಲ್ಲ ಇದ್ದಿದ್ದು ಇವರ ಮನೇದೊಂದೇ ಫೋನು. ನಮ್ಮಪ್ಪ, ನಮ್ಮಣ್ಣ ಎಲ್ಲ ಇಲ್ಲೇ ಬಂದು ಮಾತಾಡ್ತಿದ್ರು. ಇವರಮ್ಮ ಬಾಗಿಲು ಹಾಕಿದ್ದನ್ನೇ ನಾನು ನೋಡಿಲ್ಲ.”

“ನಿಜ ಯಜಮಾನ್ರೇ, ಆ ಕರೆಗಳನ್ನ ಸೇರಿಸಿದ್ದು ನಾನೇ,” ಎನ್ನುತ್ತಾರೆ ಎಕ್ಸ್‌ಚೇಂಜಕ್ಕ. “ಆದ್ರೆ ಬಾಗಿಲು ತೆರೆದಿದ್ರೂ ನೀವು ‘ಅಮ್ಮಾ’ ಅಂತ ಕೂಗಿ ತಾನೇ ಒಳಗೆ ಬರ್ತಿದ್ದಿದ್ದು?”

ಬೇಕರಿಯವರ ಮುಖ ಸಪ್ಪಗಾಗುತ್ತದೆ. ತನ್ನ ಹಾಡಿನಿಂದ ಮಹಡಿಯ ಹುಡುಗಿ ಮನೆ ಬಿಡುತ್ತಿದ್ದಾಳೆಂದು ತಿಳಿದಾಗ ಗೋಡೆ ಹಿಡಿದ ಕೈ ಜಾರುತ್ತದೆ. ಟೀಚರಿಗೆ ಅವರ ಮೇಲೆ ಸಿಟ್ಟು ಕೂಡ ಬರುತ್ತಿಲ್ಲ. “ಆ ಮಗೂಗೆ ಏನೇನೋ ಅಂದ್ಬಿಟ್ಟೆ” ಎಂದು ಅದನ್ನೇ ಹೇಳುತ್ತಿದ್ದಾರೆ.

ಎಕ್ಸ್‌ಚೇಂಜಕ್ಕ ಕೆಲಸ ಮುಂದುವರಿಸುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿ ಉದ್ದನೆಯ ಪಾಸ್‌ವರ್ಡ್ ಕಟ್ಟಲು ಹೇಳಿ, ಟೀಚರು ಅದನ್ನು ಒತ್ತುವಾಗ ತಾವು ಕಿಟಕಿಯತ್ತ ತಿರುಗಿಕೊಳ್ಳುತ್ತಾರೆ. ಡಬ್ಬಿಯ ಒಳಪುಟಕ್ಕೂ ಬೇರೆ ಬೀಗ. “ಅಂಗಡಿಯಿಂದ ಬಂದಾಗ ಇದ್ದದ್ದನ್ನೇ ಬಿಡ್ತಾರೆ ಜನ, ಅದು ಎಲ್ಲರಿಗೂ ಗೊತ್ತಿರುತ್ತೆ.” ಡಬ್ಬಿಯ ಗುಂಡಿ ಒತ್ತಿದರೆ ಪಾಸ್‌ವರ್ಡ್ ಇಲ್ಲದೆಯೇ ಯಾರನ್ನಾದರೂ ಸೇರಿಸಿಕೊಳ್ಳುವ ಸೌಕರ್ಯ ಬಂದ್. ಬಂದುಹೋಗುವವರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್. “ಮುಖ ನೋಡ್ಕೊಂಡು ಕೊಡಿ, ಬೇಡ ಅನ್ನಿಸಿದಾಗ ಬದಲಾಯಿಸಿ.”

ಅಷ್ಟರಲ್ಲಿ ಗೇಟಿನ ಸದ್ದು. ಪಾಳಿ ಮುಗಿಸಿದ ನರ್ಸ್ ಹುಡುಗಿ ತಲೆ ತಗ್ಗಿಸಿ ಮೆಟ್ಟಿಲ ಕಡೆ ನಡೆಯುತ್ತಾಳೆ. ಟೀಚರು ಬರಿಗಾಲಲ್ಲೇ ಓಡುತ್ತಾರೆ.

“ನೀನಲ್ಲಮ್ಮ. ನಾನೇ ತಪ್ಪು ತಿಳ್ಕೊಂಡೆ. ಹೋಗ್ಬೇಡ.”

ಹುಡುಗಿ ಮೊದಲ ಮೆಟ್ಟಿಲ ಮೇಲೆ ನಿಂತು ತಿರುಗುತ್ತಾಳೆ. “ಸಾಮಾನೆಲ್ಲ ಕಟ್ಟಿ ಆಗಿದೆ ಮೇಡಂ.”

“ಬಿಚ್ಚೋಣ. ನಾನೂ ಬರ್ತೀನಿ.”

“ಮೊದಲು ಅಮ್ಮಂಗೆ ಹೇಳಿ. ಅವರು ಊಟಾನೇ ಬಿಟ್ಟಿದಾರೆ.”

ಟೀಚರು ಮುಂದೆ, ಹುಡುಗಿ ಹಿಂದೆ ಮೆಟ್ಟಿಲು ಹತ್ತುತ್ತಾರೆ. ಮೇಲೆ ಬಾಗಿಲು ತೆರೆದ ಸದ್ದಾಗುತ್ತದೆ. ಮುಂದಿನ ಮನೆಗೆ ಹೊತ್ತಾಯಿತಲ್ಲವೇ ಎಂದು ನಾನು ಎಚ್ಚರಿಸಿದರೆ, ಎಕ್ಸ್‌ಚೇಂಜಕ್ಕ ಚಪ್ಪಲಿ ಮೆಟ್ಟಿಕೊಂಡವರು ಅಲ್ಲೇ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ.

“ಲೈನ್ ಸೇರಿದ ಕೂಡಲೇ ನಾವು ಕಿವಿ ತೆಗೀಬೇಕಿತ್ತು. ಕದ್ದು ಕೇಳೋ ಹಾಗಿಲ್ಲ. ಅಷ್ಟು ಜನರನ್ನ ಸೇರಿಸಿದೆ, ಆಮೇಲೆ ಅವರು ಏನು ಮಾತಾಡಿಕೊಂಡ್ರು, ರಾಜಿ ಆದ್ರಾ ಇಲ್ವಾ, ಒಂದೂ ಗೊತ್ತಾಗಲಿಲ್ಲ.” ಕೇಳಿಸುವ ಬಲಗಿವಿಯನ್ನು ಮಹಡಿಯತ್ತ ತಿರುಗಿಸುತ್ತಾರೆ. “ಸ್ವಲ್ಪ ತಡೀರಿ. ಇವತ್ತೊಂದು ದಿನ ಕೇಳಿಸ್ಕೊಂಡು ಹೋಗ್ತೀನಿ.”